ಹಳೆಯ ಟರ್ಬೊ ಕಾರಿನ ಹೊಗೆ: ಟರ್ಬೊ ಬಿಚ್ಚುವ ಮೊದಲು ನೋಡಬೇಕಾದ್ದು

ದೇವಿಮನೆ ಘಟ್ಟ ಇಳಿದು, ಕತಗಾಲದ ಹತ್ತಿರ ಸಪಾಟು ರಸ್ತೆ ಸಿಕ್ಕಿತೆಂದು ಆಕ್ಸಿಲರೇಟರ್ ಒತ್ತಿದ್ದೇ ತಡ, ಹಿಂದೆ ಬೈಕಿನಲ್ಲಿ ಬರುತ್ತಿದ್ದ ಭಾವ ಕನ್ನಡಿಯಲ್ಲಿ ಕಾಣದಂತಾದ. ಕುಮಟೆಯಲ್ಲಿ ಚಹಾಕ್ಕೆ ನಿಂತಾಗ ಹೇಳಿದ: "ಮಾರಾಯ, ನಿನ್ನ ಕಾರು ಬಚ್ಚಲ ಒಲೆ ಥರ ಹೊಗೆ ಬಿಡ್ತಾ ಇದ್ದು. ಮೂಗಲ್ಲಿ ಆಯಿಲ್ ವಾಸನೆ ಇನ್ನೂ ಹೋಯ್ದಿಲ್ಲೆ."

ನನ್ನದು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ 1.8 ಲೀಟರ್, 20 ವಾಲ್ವಿನ ಟರ್ಬೊ ಪೆಟ್ರೋಲ್ ಕಾರು. ಟರ್ಬೊ ಎಂದರೆ ಎಂಜಿನ್ನಿನಿಂದ ಹೊರಬರುವ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪುಟ್ಟ ಪಂಖ. ಮೀಟರ್ ಒಂದೂವರೆ ಲಕ್ಷ ದಾಟಿದೆ. ಅದೇ ವಾರ ಒಂದು ಗ್ಯಾರೇಜಿಗೆ ಒಯ್ದೆ. ಬಾನೆಟ್ ಎತ್ತುವ ಮೊದಲೇ "ಟರ್ಬೊ ಹೋಯ್ತು ಸಾರ್" ಎಂದರು. ನಾನೂ ನಂಬಿ ಟರ್ಬೊ ಹಾಕಿಸಿದೆ. ಮುಂದಿನ ಸಲ ಘಟ್ಟ ಇಳಿದಾಗ ಹೊಗೆ ಅಷ್ಟೇ ಇತ್ತು, ಬ್ಯಾಂಕಿನಲ್ಲಿ ದುಡ್ಡು ಮಾತ್ರ ಇರಲಿಲ್ಲ. ಕೊನೆಗೆ ಸಿಕ್ಕ ಕಾರಣ, ಇನ್ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹಂಚುವ ಪೈಪುಗಳ) ಅಡಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಕೂತಿದ್ದ ಒಂದು ಬ್ರೀದರ್ ಪೈಪು, ಅಂದರೆ ಎಂಜಿನ್ ಒಳಗೆ ಸೇರಿದ ಗಾಳಿಯನ್ನು ಹೊರಬಿಡುವ ಪೈಪು, ಮತ್ತು ಅದರ ವಾಲ್ವು.

ಆದ್ದರಿಂದ ಕೆಳಗಿನದನ್ನು ಖರ್ಚಿನ ಕ್ರಮದಲ್ಲಿ ಬರೆದಿದ್ದೇನೆ. ಕಾಸು ಬೇಡದ್ದು ಮೊದಲು, ಎಂಜಿನ್ ಬಿಚ್ಚುವುದು ಕೊನೆಗೆ. ಆಕ್ಟೇವಿಯಾ ಆರ್‌ಎಸ್, ಲೀನಿಯಾ ಟಿ-ಜೆಟ್, ಪೋಲೊ ಜಿಟಿ ಟಿಎಸ್‌ಐ ತರಹದ ಯಾವ ಟರ್ಬೊ ಪೆಟ್ರೋಲಿಗೂ ಪತ್ತೆಯ ದಾರಿ ಇದೇ. ಅಂಕಿ ಕೊಟ್ಟಿರುವ ಕಡೆ ಅವು 1.8 ಎಂಜಿನಿನವು, ನಿಮ್ಮ ಕಾರಿನದನ್ನು ಅದರ ಸರ್ವಿಸ್ ಪುಸ್ತಕದಲ್ಲಿ ನೋಡಿಕೊಳ್ಳಿ.

ಮೊದಲು, ಯಾವಾಗ ಬರುತ್ತದೆ ಎಂದು ನೋಡಿ

ಎಲ್ಲರೂ ಬಣ್ಣ ಕೇಳುತ್ತಾರೆ. ನಾನು ಹೊತ್ತು ಕೇಳುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಐದು ನಿಮಿಷ ನಿಂತಲ್ಲೇ ಓಡಿದ ಮೇಲೋ, ಘಟ್ಟ ಹತ್ತುವಾಗಲೋ, ಇಳಿದ ಮೇಲೋ? ಓಡಿಸುವವನಿಗೆ ಇದು ಕಾಣುವುದಿಲ್ಲ. ಯಾರನ್ನಾದರೂ ಹಿಂದಿನ ಗಾಡಿಯಲ್ಲಿ ಬರಲು ಹೇಳಿ, ಮೊಬೈಲಿನಲ್ಲಿ ವಿಡಿಯೋ ಹಿಡಿಸಿ. ಬೈಕ್ ಓಡಿಸುವವರ ಕೈಗೆ ಆ ಕೆಲಸ ಕೊಡಬೇಡಿ, ಹಿಂದೆ ಕೂತವರು ಹಿಡಿಯಲಿ. ಬಣ್ಣವನ್ನು ಬಿಸಿಲಿನಲ್ಲೇ ನೋಡಬೇಕು. ಸಂಜೆ ಹೆಡ್‌ಲೈಟಿನ ಬೆಳಕಿನಲ್ಲಿ ಎಲ್ಲ ಹೊಗೆಯೂ ಬಿಳಿಯೇ.

ನೀಲಿ ಛಾಯೆ ಇದ್ದು ಕಣ್ಣು ಉರಿದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಿದ್ದು ಬಂಪರಿಗೆ ಮಸಿ ಹಿಡಿದರೆ ಪೆಟ್ರೋಲ್ ಹೆಚ್ಚಾಗಿದೆ, ಅಥವಾ ಗಾಳಿ ಕಡಿಮೆಯಾಗಿದೆ. ಬಿಳಿಯಿದ್ದು ಹತ್ತಡಿಯಲ್ಲೇ ಮಾಯವಾದರೆ ನೀರಿನ ಆವಿ, ರಸ್ತೆಯ ಮೇಲೆ ತೇಲುತ್ತ ನಿಂತರೆ ಎಂಜಿನ್ ತಣಿಸುವ ದ್ರವ, ಕೂಲೆಂಟ್.

ಕೈ ಹಾಕುವ ಮೊದಲು

ಮಳೆಗಾಲದಲ್ಲಿ ಕೊಟ್ಟಿಗೆಯ ಮಾಡಿನ ಕೆಳಗೋ ಬಾಗಿಲು ಹಾಕಿದ ಶೆಡ್ಡಿನಲ್ಲೋ ಎಂಜಿನ್ ಓಡಿಸಿ ಪರೀಕ್ಷೆ ಮಾಡುವವರಿದ್ದಾರೆ. ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ತಲೆ ತಿರುಗುವ ಹೊತ್ತಿಗೆ ಕಾಲು ಏಳುವುದಿಲ್ಲ. ಟರ್ಬೊ ಮತ್ತು ಅದರ ಕೆಳಗಿನ ಪೈಪು ನೂರಾರು ಡಿಗ್ರಿ ಕಾದಿರುತ್ತವೆ, ಕೈ ಹಾಕಲು ಕಡಿಮೆಯೆಂದರೆ ಎರಡು ತಾಸು ಬಿಡಿ. ನಮ್ಮ ಕೆಂಪು ಮಣ್ಣು ಮಳೆಗೆ ಮೆತ್ತಗಾಗಿ ಜಾಕ್ ಹೂತುಹೋಗುತ್ತದೆ. ಗಟ್ಟಿ ಹಲಗೆ ಹಾಕಿ, ಸ್ಟ್ಯಾಂಡ್ ಇಟ್ಟೇ ಕೆಳಗೆ ನುಸುಳಿ. ಇನ್ನೊಂದು ವಿಷಯ ನಮ್ಮ ಸೀಮೆಗೇ ಸಂಬಂಧಿಸಿದ್ದು: ಹೊಗೆ ಬಿಡುವ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ವಿಷ ಕಳೆಯುವ ಡಬ್ಬಿ) ಮಾಮೂಲಿಗಿಂತ ಹೆಚ್ಚು ಕಾಯುತ್ತದೆ. ಬೇಸಿಗೆಯಲ್ಲಿ ಬೆಟ್ಟದ ದಾರಿಯಲ್ಲಿ ದರಕಿನ (ಒಣ ಎಲೆಯ) ರಾಶಿಯ ಮೇಲೆ ಅಂಥ ಕಾರು ನಿಲ್ಲಿಸಬೇಡಿ.

ಹೊಗೆ ಬಾನೆಟ್ ಸಂದಿಯಿಂದ, ಸೈಲೆನ್ಸರಿನಿಂದಲ್ಲ

ಸಿಗ್ನಲ್ಲಿನಲ್ಲಿ ನಿಂತಾಗ ಸುಟ್ಟ ವಾಸನೆ, ಬಾನೆಟ್ ಅಂಚಿನಲ್ಲಿ ತೆಳು ಹೊಗೆ. ಇದಕ್ಕೆ ಹೆಚ್ಚಾಗಿ ವಾಲ್ವ್ ಕವರ್ ಗ್ಯಾಸ್ಕೆಟ್ ಕಾರಣ. ಅಲ್ಲಿಂದ ಒಸರಿದ ಆಯಿಲ್ ಹೊಗೆ ಹೊರಹೋಗುವ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಹನಿಯುತ್ತದೆ. ಖರ್ಚು ಕಡಿಮೆ, ಆದರೆ ಮುಂದೂಡಬೇಡಿ, ಬೆಂಕಿಯ ದಾರಿ ಇದು. ಜ್ವಾಲೆ ಕಂಡರೆ ಬಾನೆಟ್ ಪೂರ್ತಿ ಎತ್ತಬೇಡಿ. ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರ ಹೋಗಿ.

ನೀಲಿ ಹೊಗೆ

ಹಳೆಯ ಟರ್ಬೊ ಕಾರುಗಳ ದೂರುಗಳಲ್ಲಿ ಬಹುಪಾಲು ಇದೇ, ತಪ್ಪು ರಿಪೇರಿ ಆಗುವುದೂ ಇಲ್ಲೇ.

ಮೊದಲು ಡಿಪ್ ಸ್ಟಿಕ್, ಆಯಿಲ್ ಮಟ್ಟ ನೋಡುವ ಕಡ್ಡಿ. ಸಪಾಟು ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು ನೋಡಿ. ಕೆಳಗಿನ ಮತ್ತು ಮೇಲಿನ ಗುರುತಿನ ನಡುವೆ ಸುಮಾರು ಒಂದು ಲೀಟರ್ ಅಂತರ. "ಇರಲಿ" ಎಂದು ಮೇಲಿನ ಗುರುತು ದಾಟಿಸಿ ಹಾಕಿದ್ದರೆ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡ ಅದನ್ನು ಕಡೆದು ನೊರೆ ಮಾಡುತ್ತದೆ, ಆ ಮಂಜು ಬ್ರೀದರ್ ಮೂಲಕ ಎಂಜಿನ್ನಿಗೇ ವಾಪಸ್ಸು ಹೋಗಿ ಉರಿಯುತ್ತದೆ. ಹೆಚ್ಚಾದದ್ದನ್ನು ತೆಗೆಸಿದರೆ ಹೊಗೆ ನಿಂತ ಉದಾಹರಣೆ ನನ್ನ ಕಣ್ಣೆದುರಿಗೇ ಇದೆ. ಕಡ್ಡಿಯನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಗಡದ್ದಾಗಿ ಬಂದರೆ ಕಪ್ಪು ಹೊಗೆಯ ಭಾಗಕ್ಕೆ ಹೋಗಿ.

ಎರಡನೆಯದು ಯಾವ ಆಯಿಲ್ ಎಂಬುದು. ಈ ಎಂಜಿನ್ನಿಗೆ ಫೋಕ್ಸ್‌ವ್ಯಾಗನ್ 502 00 ಮಾನಕದ 5ಡಬ್ಲ್ಯು-40 ಸಿಂಥೆಟಿಕ್ ಬೇಕು. ಹೊಗೆ ನಿಲ್ಲಲಿ ಎಂದು 20ಡಬ್ಲ್ಯು-50 ಸುರಿಯುವ ಪದ್ಧತಿ ನಮ್ಮಲ್ಲಿದೆ. ಹೊಗೆ ಸ್ವಲ್ಪ ತಗ್ಗುತ್ತದೆ, ಸುಳ್ಳಲ್ಲ. ಆದರೆ ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಆ ಗಟ್ಟಿ ಆಯಿಲ್ ಟರ್ಬೊವರೆಗೆ ತಲುಪಲು ತಡವಾಗುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟು ನಿಂತಿರುವುದು ತೆಳುವಾದ ಆಯಿಲ್ ಪದರದ ಮೇಲೆ. ಆ ಪದರ ಒಂದೆರಡು ಕ್ಷಣ ಇಲ್ಲವಾದರೂ ಬೇರಿಂಗ್ ಸವೆಯುತ್ತದೆ. ಇಲ್ಲದ ಟರ್ಬೊ ದೋಷವನ್ನು ನಾವೇ ತಂದುಕೊಂಡ ಹಾಗೆ.

ಮೂರನೆಯದು ಬ್ರೀದರ್, ನಾನು ಎಡವಿದ ಜಾಗ.

ಪಿಸ್ಟನ್ ಪಕ್ಕದಿಂದ ಸ್ವಲ್ಪ ಗಾಳಿ ಯಾವಾಗಲೂ ಕೆಳಗೆ ನುಸುಳುತ್ತದೆ. ಅದನ್ನು ಬ್ರೀದರ್ ಪೈಪುಗಳು ಇನ್ಟೇಕಿಗೆ ಸಾಗಿಸುತ್ತವೆ. ನಡುವೆ ಒಂದು ಒನ್-ವೇ ವಾಲ್ವು ಇರುತ್ತದೆ. ಟರ್ಬೊ ಒತ್ತಡ ಬಂದಾಗ ಅದು ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಒತ್ತಡವೆಲ್ಲ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಇನ್ನು ಟರ್ಬೊದ ವಿಷಯ: ಅದರೊಳಗಿನ ಸೀಲು ರಬ್ಬರಿನದಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಬಳೆ. ಅದು ಆಯಿಲನ್ನು ಒತ್ತಿ ಹಿಡಿಯುವುದಿಲ್ಲ. ಮೇಲಿನಿಂದ ಬಂದ ಆಯಿಲ್ ತನ್ನ ಭಾರಕ್ಕೆ ತಾನೇ ಕೆಳಗೆ, ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿನೊಳಕ್ಕೆ, ಸರಾಗವಾಗಿ ಇಳಿದು ಹೋಗುತ್ತಿದ್ದರೆ ಮಾತ್ರ ಸೀಲು ಸೀಲಾಗಿರುತ್ತದೆ. ಸಂಪಿನಲ್ಲಿ ಒತ್ತಡ ಏರಿದರೆ ಇಳಿಯುವ ದಾರಿ ಕಟ್ಟುತ್ತದೆ. ತೋಟದ ಬಸಿಗಾಲುವೆ ಕಟ್ಟಿದಾಗ ನೀರು ಅಡಿಕೆ ಮರದ ಬುಡದಲ್ಲೇ ನಿಲ್ಲುವುದಿಲ್ಲವೇ, ಹಾಗೆ ಆಯಿಲ್ ಟರ್ಬೊದಲ್ಲೇ ನಿಂತು, ಎರಡೂ ಪಕ್ಕದ ಸೀಲು ದಾಟಿ ಹೊರಗೆ ಬರುತ್ತದೆ. ಹೊಚ್ಚಹೊಸ ಟರ್ಬೊ ಕೂಡ ಹೊಗೆ ಬಿಡುವುದು ಹೀಗೆ. ನನ್ನದು ಬಿಟ್ಟಿದ್ದೂ ಹೀಗೇ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾಗಿ ಐಡಲಿನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳವನ್ನು ನಿಧಾನ ತಿರುಗಿಸಿ ಸಡಿಲಿಸಿ, ಮುಖ ದೂರ ಇರಲಿ, ಆಯಿಲ್ ಸಿಡಿಯಬಹುದು. ಮುಚ್ಚಳ ಮೆಲ್ಲಗೆ ಅಂಟಿಕೊಂಡಂತೆ ಇದ್ದರೆ ಒಳ್ಳೆಯದು. ಎತ್ತಿ ಎಸೆಯುವಂತೆ ಕುಣಿದರೆ ಒಳಗೆ ಒತ್ತಡ ಇದೆ. ಅನುಮಾನ ಬಂದರೆ ಎಂಜಿನ್ ಆರಿಸಿ, ಮುಚ್ಚಳದ ಜಾಗಕ್ಕೆ ರಬ್ಬರ್ ಕೈಗವಸನ್ನು ಬಿಗಿಯಾಗಿ ಕಟ್ಟಿ ಮತ್ತೆ ಸ್ಟಾರ್ಟ್ ಮಾಡಿ. ಅದು ಉಬ್ಬಿ ಐದು ಬೆರಳು ತೋರಿಸಿದರೆ ಉತ್ತರ ಸಿಕ್ಕಿತು. ಆಮೇಲೆ ಪೈಪುಗಳನ್ನು ಒಂದೊಂದಾಗಿ ಹಿಸುಕಿ ನೋಡಿ. ಹದಿನೈದು ವರ್ಷ ಬೆಂದ ರಬ್ಬರ್ ಕೆಲವೊಮ್ಮೆ ಹಪ್ಪಳದಂತೆ ಮುರಿಯುತ್ತದೆ, ಕೆಲವೊಮ್ಮೆ ಮೆತ್ತಗಾಗಿ ಒಳಗೇ ಅಂಟಿಕೊಂಡಿರುತ್ತದೆ. ವಾಲ್ವನ್ನು ಬಿಚ್ಚಿ ಒರೆಸಿ, ಗಾಳಿ ಊದಿ ನೋಡಿದರೆ ಒಂದೇ ದಿಕ್ಕಿಗೆ ಹೋಗಬೇಕು. ನನ್ನದರಲ್ಲಿ ಎರಡೂ ದಿಕ್ಕಿಗೆ ಹೋಗುತ್ತಿತ್ತು. ಮಲೆನಾಡಿನವರು ಇನ್ನೊಂದನ್ನೂ ನೋಡಬೇಕು, ಇಲಿ. ಜಡಿಮಳೆಯಲ್ಲಿ ಬೆಚ್ಚಗಿನ ಎಂಜಿನ್ ಅದಕ್ಕೆ ಮನೆ, ವ್ಯಾಕ್ಯೂಮ್ ಪೈಪು ತಿಂಡಿ.

ಪೈಪು, ವಾಲ್ವು ಬದಲಿಸಿದ ಮೇಲೆ ಇನ್ನೂರು ಕಿಲೋಮೀಟರ್ ಓಡಿಸದೆ ತೀರ್ಪು ಕೊಡಬೇಡಿ. ಇಂಟರ್‌ಕೂಲರಿನಲ್ಲೂ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಭಾಗ) ಸೈಲೆನ್ಸರಿನಲ್ಲೂ ಹಳೆಯ ಆಯಿಲ್ ಕೂತಿರುತ್ತದೆ, ಅದು ಉರಿದು ಮುಗಿಯಬೇಕು. ಇಂಟರ್‌ಕೂಲರ್ ಪೈಪಿನೊಳಗೆ ಬೆರಳಿಗೆ ಅಂಟುವಷ್ಟು ಜಿಡ್ಡು ಇದ್ದರೆ ಹೆದರಬೇಡಿ, ಅದು ಬ್ರೀದರಿನ ಮಾಮೂಲಿ ಮಂಜು. ಬಗ್ಗಿಸಿದರೆ ಸುರಿಯುವಷ್ಟಿದ್ದರೆ ಹೆದರಿ.

ಇಷ್ಟಾದರೂ ನೀಲಿ ಹೊಗೆ ಉಳಿದರೆ, ಮೊದಲು ನೋಡಿಟ್ಟುಕೊಂಡ, ಹೊಗೆ ಬರುವ ಹೊತ್ತು ಈಗ ಕೆಲಸಕ್ಕೆ ಬರುತ್ತದೆ.

*ಬೆಳಿಗ್ಗೆ ಸ್ಟಾರ್ಟಿಗೆ ಒಂದು ಮುದ್ದೆ, ಅಥವಾ ಘಟ್ಟ ಇಳಿದು ಆಕ್ಸಿಲರೇಟರ್ ಒತ್ತಿದಾಗ ಒಂದು ಮುದ್ದೆ, ಆಮೇಲೆ ಏನೂ ಇಲ್ಲ:* ವಾಲ್ವ್ ಸ್ಟೆಮ್ ಸೀಲ್, ಅಂದರೆ ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ತಡೆಯುವ ಸಣ್ಣ ಸೀಲು. ದೇವಿಮನೆಯಾಗಲಿ, ಅರಬೈಲಾಗಲಿ, ಗೇರುಸೊಪ್ಪೆಯಾಗಲಿ, ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇನ್ಟೇಕಿನಲ್ಲಿ ಜೋರು ವ್ಯಾಕ್ಯೂಮ್ ಹುಟ್ಟಿ, ಗಟ್ಟಿಯಾದ ಸೀಲಿನ ಸಂದಿಯಿಂದ ಆಯಿಲ್ ಎಳೆದುಕೊಳ್ಳುತ್ತದೆ. ಕಾರವಾರದ ಸಪಾಟಿನಲ್ಲೇ ಓಡಾಡುವವರಿಗೆ ಇದೇ ದೋಷ ವರ್ಷಗಟ್ಟಲೆ ಗೊತ್ತಾಗದಿರಬಹುದು. ಹೊಗೆ ಬರದಿರಲಿ ಎಂದು ಘಟ್ಟವನ್ನು ನ್ಯೂಟ್ರಲಿನಲ್ಲಿ ಇಳಿಸುವ ಜಾಣರಿದ್ದಾರೆ. ಬ್ರೇಕು ಕಾದು ಹೋದರೆ ಮುಂದಿನ ತಿರುವಿನಲ್ಲಿ ಹೊಗೆಯ ಚಿಂತೆಯೇ ಇರುವುದಿಲ್ಲ. ಗೇರಿನಲ್ಲೇ ಇಳಿಯಿರಿ, ಹೊಗೆ ಬಂದರೆ ಬರಲಿ.

*ಹತ್ತು ನಿಮಿಷ ಐಡಲಿನಲ್ಲಿ ನಿಂತ ಮೇಲೆ ಹೊರಟರೆ ದಟ್ಟ ಮೋಡ, ಬಿಸಿ ಏರಿದಷ್ಟೂ ಹೆಚ್ಚು:* ಟರ್ಬೊ, ಅಥವಾ ಅದರ ಡ್ರೈನ್ ಪೈಪು. ಮಾರಿಕಾಂಬಾ ಜಾತ್ರೆಯ ವಾಹನ ಸಾಲಿನಲ್ಲಿ ನಿಂತು ಹೊರಟವರಿಗೆ ಇದು ಮೊದಲು ಗೊತ್ತಾಗುತ್ತದೆ. ಡ್ರೈನ್ ಪೈಪಿನಲ್ಲಿ ಕರಿ ಕಟ್ಟಿದೆಯೇ, ಹಿಂದಿನವರು ಗ್ಯಾಸ್ಕೆಟ್ ಪೇಸ್ಟ್ ಮೆತ್ತಿ ದಾರಿ ಮುಚ್ಚಿದ್ದಾರೆಯೇ ನೋಡಿಸಿ. ಆಮೇಲೆ ಎಂಜಿನ್ ತಣ್ಣಗಿದ್ದಾಗ ಟರ್ಬೊದ ಇನ್ಟೇಕ್ ಪೈಪು ಬಿಚ್ಚಿ ಶಾಫ್ಟನ್ನು ಬೆರಳಿನಿಂದ ಆಡಿಸಿ. ಅಡ್ಡಕ್ಕೆ ಸ್ವಲ್ಪ ಆಟ ಇರುವುದು ಸಹಜ, ತುಂಬಬೇಕಾದ ಆಯಿಲ್ ಆಗ ಅಲ್ಲಿ ಇರುವುದಿಲ್ಲ. ಅಲಗು ಗೋಡೆಗೆ ತಾಗಿದರೆ, ಅಥವಾ ಉದ್ದಕ್ಕೆ ಒತ್ತಿ ಎಳೆದಾಗ ಟಕ್ ಟಕ್ ಎಂದರೆ ಟರ್ಬೊ ಮುಗಿದಿದೆ. ಆಂಬುಲೆನ್ಸಿನ ಸೈರನ್ನಿನಂತೆ ಏರುವ ಶಬ್ದ ಹೊಸದಾಗಿ ಶುರುವಾಗಿದ್ದರೆ ಕಾರು ಓಡಿಸುವುದನ್ನೇ ನಿಲ್ಲಿಸಿ. ಮುರಿದ ಅಲಗಿನ ಚೂರು ಎಂಜಿನ್ನಿನ ಕಡೆಗೂ ಹೋಗಬಹುದು.

ಟರ್ಬೊ ನಿಜಕ್ಕೂ ಹೋಗಿದ್ದರೆ ಅದೊಂದನ್ನೇ ಹಾಕಿಸಬೇಡಿ. ಯಾಕೆ ಹೋಯಿತು ಎಂದು ಕೇಳಿ. ಈ ಎಂಜಿನ್ನಿನಲ್ಲಿ ಟರ್ಬೊಗೆ ಆಯಿಲ್ ತರುವ ಲೋಹದ ಪೈಪು ಬಿಸಿಗೆ ಒಳಗೇ ಕರಿ ಕಟ್ಟುತ್ತದೆ, ಸಂಪಿನೊಳಗಿನ ಜಾಲರಿ ಡಾಂಬರಿನಂಥ ಕೆಸರಿನಿಂದ ಮುಚ್ಚುತ್ತದೆ. ಫೀಡ್ ಪೈಪು ಹೊಸದು, ಸಂಪು ಇಳಿಸಿ ಜಾಲರಿ ಸ್ವಚ್ಛ, ಹೊಸ ಆಯಿಲ್, ಹೊಸ ಫಿಲ್ಟರ್. ಇವಿಲ್ಲದೆ ಹಾಕಿದ ಟರ್ಬೊ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಆಯಿಲ್ ಒತ್ತಡದ ಕೆಂಪು ದೀಪ ಒಂದು ಕ್ಷಣ ಮಿನುಗಿದರೂ ಅಲ್ಲೇ ಎಂಜಿನ್ ಆರಿಸಿ, ಕಾರನ್ನು ಎಳೆಸಿಕೊಂಡು ಹೋಗಿ. "ಅಂಕೋಲಾ ಇನ್ನು ಎಂಟೇ ಕಿಲೋಮೀಟರ್" ಎಂಬ ಲೆಕ್ಕ ಬೇಡ.

*ಏರು ಹತ್ತುವಾಗ ಉದ್ದಕ್ಕೂ ಹೊಗೆ, ಪಿಕಪ್ ಕಡಿಮೆ, ಆಯಿಲ್ ಬೇಗ ಇಳಿಯುತ್ತದೆ:* ಪಿಸ್ಟನ್ ರಿಂಗು ಸವೆದಿರಬಹುದು, ನಮ್ಮವರ ಮಾತಿನಲ್ಲಿ ಎಂಜಿನ್ ಬೋರಿಗೆ ಬಂದಿದೆ. ಕಂಪ್ರೆಶನ್ ಟೆಸ್ಟ್ (ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಎಷ್ಟು ಏರುತ್ತದೆ ಎಂಬ ಅಳತೆ) ಮಾಡಿಸದೆ ಈ ಮಾತನ್ನು ನಂಬಬೇಡಿ. ನಾಲ್ಕೂ ಸಿಲಿಂಡರಿನ ಅಂಕಿ ಕಾಗದದ ಮೇಲೆ ಬರೆಸಿಕೊಳ್ಳಿ. ಈ ಎಂಜಿನ್ನಿಗೆ 7 ಬಾರ್ ಕೆಳಗಿನ ಮಿತಿ, ಸಿಲಿಂಡರುಗಳ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವು. ಇಲ್ಲಿಂದ ಮುಂದೆ ಮನೆಯ ಕೆಲಸ ಅಲ್ಲ.

ಕಪ್ಪು ಹೊಗೆ

ಹೆಚ್ಚಾಗಿ ಅಗ್ಗದಲ್ಲೇ ಮುಗಿಯುತ್ತದೆ. ಏರ್ ಫಿಲ್ಟರ್ ತೆಗೆದು ನೋಡಿ. ಕೆಂಪು ಧೂಳಿನಿಂದ ಇಟ್ಟಿಗೆಯಾಗಿದ್ದರೆ ಬದಲಿಸಿ.

ಆಮೇಲೆ ಗಾಳಿ ಸೋರಿಕೆ. ಏರ್ ಫಿಲ್ಟರಿನ ಪಕ್ಕದ ಸೆನ್ಸರ್ ಗಾಳಿಯನ್ನು ಅಳೆದು, ಅದಕ್ಕೆ ತಕ್ಕ ಪೆಟ್ರೋಲ್ ಬಿಡಿಸುತ್ತದೆ. ಅಳೆದ ಮೇಲೆ, ಎಂಜಿನ್ ಸೇರುವ ಮುಂಚೆ, ಟರ್ಬೊ ಪೈಪು ಸೀಳಿದ್ದರೆ ಗಾಳಿ ಹೊರಗೆ ಹೋಗುತ್ತದೆ, ಪೆಟ್ರೋಲ್ ಮಾತ್ರ ಒಳಗೆ ಬರುತ್ತದೆ. ಏರಿನಲ್ಲಿ ಕಪ್ಪು ಹೊಗೆ, ಉಸ್ಸೆಂಬ ಸದ್ದು, ಎಳೆಯುವ ಶಕ್ತಿ ಇಲ್ಲ. ಐಡಲಿನಲ್ಲಿ ಎಲ್ಲ ಸರಿ ಇದ್ದಂತೆ ಕಾಣಬಹುದು. ಪೈಪಿನ ಕ್ಲಿಪ್ಪುಗಳನ್ನು, ಬಗ್ಗಿದ ಜಾಗಗಳ ಒಳಮೈಯನ್ನು, ಆಕ್ಸಿಲರೇಟರ್ ಬಿಟ್ಟಾಗ ಟರ್ಬೊ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಡೈವರ್ಟರ್ ವಾಲ್ವಿನ ರಬ್ಬರ್ ಪರದೆಯನ್ನು ನೋಡಿ. ಗ್ಯಾರೇಜಿನಲ್ಲಿ ಕಡಿಮೆ ಒತ್ತಡದ ಗಾಳಿ ತುಂಬಿಸಿ ಸೋಪು ನೀರು ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ.

ಕಡಲ ಕರೆಯ ಕಾರುಗಳಿಗೆ ಬೇರೆಯದೇ ಒಂದು ಕಾರಣವಿದೆ. ಕಾರವಾರ, ಬಿಣಗಾ, ಬೈತಖೋಲದ ಉಪ್ಪುಗಾಳಿಗೆ ಸೈಲೆನ್ಸರಿನ ಜೋಡಣೆಗಳು ತುಕ್ಕು ಹಿಡಿದು ತೂತಾಗುತ್ತವೆ. ಆ ತೂತು ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಸೆನ್ಸರ್ "ಪೆಟ್ರೋಲ್ ಸಾಲದು" ಎಂದು ತಪ್ಪು ತಿಳಿದು ಇನ್ನಷ್ಟು ಬಿಡಿಸುತ್ತದೆ. ಸೆನ್ಸರ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಟ್ಟುವುದೂ ಅಲ್ಲಿನ ಮಾಮೂಲಿ ಕಥೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಾಕಿ ನೋಡಿದ ಮೇಲೆ ಸೆನ್ಸರಿನ ದುಡ್ಡು ಕೊಡಿ.

ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡು ಓದುವ, ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಇಂಥ ಕಾರಿನವರ ಡಿಕ್ಕಿಯಲ್ಲಿ ಇರಲೇಬೇಕು. ಪಿ0172 ಬಂದರೆ ಪೆಟ್ರೋಲ್ ಹೆಚ್ಚು, ಪಿ0299 ಬಂದರೆ ಟರ್ಬೊ ಒತ್ತಡ ಕಡಿಮೆ. ಕೋಡು ರೋಗದ ಹೆಸರಲ್ಲ, ಜ್ವರದ ಅಳತೆ ಅಷ್ಟೇ. ಪಿ0299 ಕಂಡೊಡನೆ ಟರ್ಬೊ ಬಿಚ್ಚಬೇಕಿಲ್ಲ, ಸಡಿಲ ಕ್ಲಿಪ್ಪೂ ಅದನ್ನು ತರುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಕೂಲೆಂಟ್ ಬಿಸಿ ಎಷ್ಟು ತೋರಿಸುತ್ತದೆ ನೋಡಿ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಮೈನಸ್ ತೋರಿಸಿದರೆ ಶಿರಸಿಯಲ್ಲಿ ಹಿಮ ಬಿದ್ದಿಲ್ಲ, ಸೆನ್ಸರ್ ಕೆಟ್ಟಿದೆ. ಎಂಜಿನ್ ಚಳಿಯಲ್ಲಿದೆ ಎಂದುಕೊಂಡು ಕಾರು ದಿನವಿಡೀ ಹೆಚ್ಚು ಪೆಟ್ರೋಲ್ ಕುಡಿಯುತ್ತಿರುತ್ತದೆ.

ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಕನ್ವರ್ಟರಿನಲ್ಲಿ ಹೊತ್ತಿಕೊಳ್ಳುತ್ತದೆ. ಓಡಿಸಬೇಡಿ.

ಬಿಳಿ ಹೊಗೆ

ಚಳಿಗಾಲದ ಬೆಳಿಗ್ಗೆ ಹತ್ತು ನಿಮಿಷ ಆವಿ ಬಂದು, ಸೈಲೆನ್ಸರಿನಿಂದ ನಾಲ್ಕು ಹನಿ ನೀರು ತೊಟ್ಟಿಕ್ಕಿ ನಿಂತರೆ ಅದು ದೋಷವೇ ಅಲ್ಲ. ಆಷಾಢದ ತೇವದಲ್ಲಂತೂ ಎಲ್ಲ ಕಾರಿಗೂ ಬರುತ್ತದೆ.

ಎಂಜಿನ್ ಕಾದ ಮೇಲೂ ಬಂದು, ಹಳಸಿದ ಪಾಕದಂಥ ಸಿಹಿ ವಾಸನೆ ಇದ್ದರೆ ಕೂಲೆಂಟ್ ಡಬ್ಬಿ ನೋಡಿ, ತಣ್ಣಗಿದ್ದಾಗ ಮಾತ್ರ. ಬಿಸಿ ಮುಚ್ಚಳ ತೆಗೆದರೆ ಮುಖ ಸುಡುತ್ತದೆ. ಮಟ್ಟಕ್ಕೆ ಗುರುತು ಹಾಕಿ ಒಂದು ವಾರ ಗಮನಿಸಿ. ಹೊರಗೆಲ್ಲೂ ಸೋರಿಕೆ ಕಾಣದೆ ಇಳಿಯುತ್ತಿದ್ದರೆ, ಸ್ಟಾರ್ಟ್ ಮಾಡಿದ ಎರಡೇ ನಿಮಿಷದಲ್ಲಿ ರೇಡಿಯೇಟರ್ ಪೈಪು ಕಲ್ಲಿನಂತೆ ಬಿಗಿಯಾದರೆ, ಡಬ್ಬಿಯಲ್ಲಿ ಗುಳ್ಳೆ ನಿಲ್ಲದೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲು) ಹೋಗಿದೆ ಎಂಬ ಅನುಮಾನ ಗಟ್ಟಿ. ಪ್ಲಗ್ ತೆಗೆಸಿದಾಗ ಮೂರು ಕಂದಾಗಿದ್ದು ಒಂದು ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರ್ ನೀರು ಕುಡಿಯುತ್ತಿದೆ. ಖಾತ್ರಿಗೆ ಬ್ಲಾಕ್ ಟೆಸ್ಟ್ ಇದೆ: ಕೂಲೆಂಟ್ ಡಬ್ಬಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ, ಉರಿದ ಗಾಳಿ ಬೆರೆತಿದ್ದರೆ ದ್ರವ ಹಳದಿಯಾಗುತ್ತದೆ.

ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಂಡ ಕೂಡಲೇ ಹೆಡ್ ಇಳಿಸುವ ಮಾತಾಡುವವರಿಗೆ ಒಪ್ಪಬೇಡಿ. ಮಳೆಗಾಲದಲ್ಲಿ ದಿನಾ ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಅದು ಬರಿಯ ತೇವ. ಒಮ್ಮೆ ಯಲ್ಲಾಪುರದವರೆಗೆ ಓಡಿಸಿ ಬಂದರೆ ಹೋಗುತ್ತದೆ. ಡಿಪ್ ಸ್ಟಿಕ್ಕಿನ ಆಯಿಲೇ ಹಾಲು ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಎಂಜಿನ್ ಮುಟ್ಟಬೇಡಿ, ಎಳೆಸಿ. ಬಿಸಿಯ ಮುಳ್ಳು ಮೇಲೇರಿದಾಗಲೂ ಹಾಗೆಯೇ. ಕಾದ ಅಲ್ಯೂಮಿನಿಯಂ ಹೆಡ್ ಬಾಗಿದರೆ ಗ್ಯಾಸ್ಕೆಟಿನ ಕೆಲಸ ಲೇತಿನವರೆಗೆ ಹೋಗುತ್ತದೆ.

ಕೂಲೆಂಟ್ ಇಳಿದಿಲ್ಲ, ಆದರೂ ಬಿಳಿ ಹೊಗೆ ಇದೆ ಎಂದರೆ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಇದನ್ನು ನೋಡುವವರು ಕಡಿಮೆ. ಬ್ರೇಕಿನ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲು ಹೋದರೆ ಬ್ರೇಕ್ ಆಯಿಲ್ ಬೂಸ್ಟರಿಗೆ ಇಳಿದು, ಅಲ್ಲಿಂದ ವ್ಯಾಕ್ಯೂಮ್ ಪೈಪಿನಲ್ಲಿ ಎಂಜಿನ್ನಿಗೆ ಎಳೆದುಕೊಂಡು ಉರಿಯುತ್ತದೆ. ಮಟ್ಟ ಇಳಿದಿದ್ದರೆ ಆ ಕಾರಿನಲ್ಲಿ ಘಟ್ಟದ ಮಾತು ಬಿಡಿ, ಅಂಗಳ ದಾಟಬೇಡಿ.

ಡೀಸೆಲ್ ಟರ್ಬೊ ಇಟ್ಟುಕೊಂಡವರಿಗೆ ಒಂದೇ ಮಾತು

ಟರ್ಬೊದಿಂದ ಆಯಿಲ್ ಜೋರಾಗಿ ಒಳಹೊಕ್ಕರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಕುಡಿದು ತಾನೇ ತಾನಾಗಿ ಕಿರುಚುತ್ತ ಓಡುತ್ತದೆ, ಕೀಲಿ ತೆಗೆದರೂ ನಿಲ್ಲದಿರಬಹುದು. ಮ್ಯಾನುಯಲ್ ಗಾಡಿಯಾದರೆ ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರು ಹಾಕಿ ಕ್ಲಚ್ ಬಿಟ್ಟು ಎಂಜಿನ್ ಆಫ್ ಆಗುವಂತೆ ಮಾಡಿ. ಅದು ಆಗದಿದ್ದರೆ ಬಾನೆಟ್ ಹತ್ತಿರ ನಿಲ್ಲಬೇಡಿ, ದೂರ ಓಡಿ.

ನನ್ನ ಕಾರಿನ ಈಗಿನ ಸ್ಥಿತಿ

ಬ್ರೀದರ್ ಬದಲಾದ ಮೇಲೆ ಮುಕ್ಕಾಲು ಹೊಗೆ ಹೋಯಿತು. ಉಳಿದ ಕಾಲು ಭಾಗ ಸ್ಟೆಮ್ ಸೀಲಿನದು. ಕಂಪ್ರೆಶನ್ ನಾಲ್ಕರಲ್ಲೂ ಚೆನ್ನಾಗಿದೆ, 1000 ಕಿಲೋಮೀಟರಿಗೆ 300 ಮಿಲಿಲೀಟರಿನಷ್ಟು ಆಯಿಲ್ ಇಳಿಯುತ್ತದೆ. ಸಿಲಿಂಡರಿಗೆ ಐದರಂತೆ 20 ಸೀಲು ಬದಲಿಸಲು ಬೇಕಾದ ಕೂಲಿ ಲೆಕ್ಕ ಹಾಕಿ, ಅರ್ಧ ಲೀಟರ್ ದಾಟುವವರೆಗೆ ಹೀಗೇ ಇರಲಿ ಎಂದು ಬಿಟ್ಟಿದ್ದೇನೆ. ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಒಂದು ಲೀಟರ್ ಡಬ್ಬಿ, ಜೊತೆಗೆ ತಾರೀಕು ಮತ್ತು ಮೀಟರ್ ಬರೆದಿಡುವ ಸಣ್ಣ ಪುಸ್ತಕ ಇದೆ. ಭಾವ ಈಗ ಘಟ್ಟ ಇಳಿಯುವಾಗ ನನ್ನ ಮುಂದೆ ಹೋಗುತ್ತಾನೆ.